ಮೀನಿನ ಬಲೆಯೊಳಗಿನ ದ್ರಾಕ್ಷಿ

ಪಿಕಪ್ಪಿನ ಟಯರು ಶಿರಾಡಿ ಘಾಟಿಯ ನಡುಮಧ್ಯದಲ್ಲಿ ಒಡೆಯಬಹುದಿತ್ತು. ಒಡೆದ ಮೇಲೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲವೆಂದು ಗೊತ್ತಾಗಬಹುದಿತ್ತು. ರಂಜಾನಿನ ಉಪವಾಸ ಹಿಡಿದಿದ್ದ ಹಮೀದನಿಗೆ ಸ್ಟಿಯರಿಂಗ್ ಮೇಲೆಯೇ ತಲೆ ಸುತ್ತಬಹುದಿತ್ತು. ವೈನರಿಯ ಗೇಟಿನಲ್ಲಿ ಮೂಡುಬಿದಿರೆಯ ಪರಿಚಯದವರು ಯಾರಾದರೂ ಎದುರಾಗಿ, ‘ಓಹೋ, ನೀವೂ ಇಲ್ಲಿಗೆ ಬರ್ತೀರಾ?’ ಎಂದು ಕೇಳಬಹುದಿತ್ತು. ಅವರು ಯಾಕೆ ಬಂದದ್ದು ಎಂದು ತಿರುಗಿ ಕೇಳಲು ನನಗೆ ಆ ಕ್ಷಣ ಹೊಳೆಯದೆ ಹೋಗಬಹುದಿತ್ತು. ಟ್ಯಾಂಕಿನ ಆವಿಗೇ ಅಮಲೇರಿ ನಾನು ಅಪರಿಚಿತರೆದುರು ಹಾಡಬಹುದಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿಯಬಹುದಿತ್ತು. ವಾಪಸು ಬರುವಾಗ ಪೊಲೀಸರು ಬಾಯಿ ಊದಿಸಬಹುದಿತ್ತು, ಆ ಯಂತ್ರ ಅವತ್ತೇ ಕೆಟ್ಟಿರಬಹುದಿತ್ತು. ಸೂರ್ಯ ಮುಳುಗುವ ಮೊದಲು ಊಟ ಸಿಗದೆ ನಾನು ಮರುದಿನ ಬೆಳಗಿನವರೆಗೆ ಹಸಿದಿರಬೇಕಾಗಬಹುದಿತ್ತು. ಎಲ್ಲಕ್ಕಿಂತ ಕೊನೆಗೆ, ಮನೆಯ ಬಾಗಿಲಲ್ಲಿ ಹೆಂಡತಿ ನನ್ನ ಅಂಗಿಯನ್ನು ಮೂಸಿ ನೋಡಬಹುದಿತ್ತು.

ಇದೆಲ್ಲ ಈಗ ಕುಳಿತು ಕಟ್ಟಿದ್ದಲ್ಲ. ಹೊರಡುವ ಮುನ್ನಾ ದಿನವೇ ಒಂದು ಪಾಲಿಸಿ ಫಾರಮ್ಮಿನ ಹಿಂಬದಿಯಲ್ಲಿ ನಂಬರು ಹಾಕಿ ಬರೆದಿಟ್ಟದ್ದು. ಮೊನ್ನೆ ಕೈಚೀಲ ಕೊಡವುವಾಗ ಆ ಕಾಗದ ಬಿತ್ತು. ಒಟ್ಟು ಇಪ್ಪತ್ತೊಂದು ಕಲಮು.

ನಾನು ವಿಮೆಯ ಏಜೆಂಟ. ಉಳಿದವರು ಚಿಂತೆ ಮಾಡಿ ಆರೋಗ್ಯ ಕೆಡಿಸಿಕೊಂಡರೆ ನಾನು ಚಿಂತೆ ಮಾಡಿಯೇ ಸಂಸಾರ ಸಾಕಿದವನು. ಬಿ.ಸಿ.ರೋಡಿನ ನನ್ನ ಸಣ್ಣ ಆಫೀಸಿಗೆ ಬಂದವರಿಗೆ, ‘ದೇವರು ಹಾಗೆ ಮಾಡದಿರಲಿ, ಆದರೆ ಒಂದು ವೇಳೆ...’ ಎಂದು ಶುರು ಮಾಡಿದೆನೆಂದರೆ ಅರ್ಧ ಗಂಟೆಯಲ್ಲಿ ಅವರು ಬೆವರುತ್ತಾರೆ. ತೊಂದರೆಯೆಂದರೆ ನಾನೂ ಬೆವರುತ್ತೇನೆ. ನನ್ನ ಮಾತನ್ನು ನಂಬಿ ನನ್ನಿಂದಲೇ ಏಳು ಪಾಲಿಸಿ ತೆಗೆದುಕೊಂಡ ಏಕೈಕ ಗಿರಾಕಿ ನಾನೇ. ನಲವತ್ತು ವರ್ಷದ ಗೆಳೆಯ ಹಮೀದ್ ಮಾತ್ರ ಒಂದನ್ನೂ ತೆಗೆದುಕೊಂಡವನಲ್ಲ. ಕೇಳಿದಾಗಲೆಲ್ಲ, ‘ನೀನು ಹೇಳಿದ್ದರಲ್ಲಿ ಒಂದಾದರೂ ನಡೆಯಲಿ ಮಾರಾಯ, ಆಮೇಲೆ ನೋಡುವ’ ಎನ್ನುತ್ತಾನೆ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ನಿಮಗಾಗಿ ಅವನ ಬಾಯಿಗೆ ಕನ್ನಡ ತುರುಕಿದ್ದೇನೆ, ಅವನು ಓದುವುದಿಲ್ಲವೆಂಬ ಧೈರ್ಯದಿಂದ.

ಹಮೀದನ ಕಥೆಗೆ ಹೋಗುವ ಮೊದಲು ನನ್ನ ಮೂಗಿನ ಕಥೆ ಹೇಳಬೇಕು. ನಾನು ಪುತ್ತಿಗೆಯವನು. ಹೈಸ್ಕೂಲಿಗೆ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅದೇ ಬಸ್ಸಿನ ಹಿಂದಿನ ಸೀಟಿನ ಅಡಿಯಲ್ಲಿ ಮೀನು ಮಾರುವ ಬೊಮ್ಮಿಯಕ್ಕನ ಬುಟ್ಟಿ ಇರುತ್ತಿತ್ತು. ನಮ್ಮದು ಜೈನರ ಮನೆ, ಗಡ್ಡೆ ಗೆಣಸು ಸಹ ಒಳಗೆ ಬರುವುದಿಲ್ಲ. ಮೀನು ತಿನ್ನುವವರಿಗೆ ಅದು ಬರೀ ಮೀನಿನ ವಾಸನೆ. ತಿನ್ನದ ನನಗೆ ಅದು ಒಂದು ಶಾಸ್ತ್ರ. ಬೂತಾಯಿಯ ವಾಸನೆ ಎಣ್ಣೆಯ ಹಾಗೆ ಮೆಲ್ಲಗೆ ಹರಡುತ್ತದೆ. ಬಂಗುಡೆಯದು ಕಬ್ಬಿಣದ ಮೊಳೆಯ ಹಾಗೆ ನೇರ ಹಣೆಗೇ ಹೊಡೆಯುತ್ತದೆ. ಸಹಪಾಠಿ ಹಮೀದ್ ನನ್ನ ಈ ಪ್ರತಿಭೆಯನ್ನು ಕಂಡುಹಿಡಿದು ನನ್ನ ಕಣ್ಣಿಗೆ ಕರವಸ್ತ್ರ ಕಟ್ಟಿ, ಬಸ್ಸಿನ ಹುಡುಗರ ಹತ್ತಿರ ಗೋಲಿ ಪಂಥ ಕಟ್ಟುತ್ತಿದ್ದ. ‘ಇವತ್ತು ಎಂತ ಮೀನು, ಹೇಳು!’ ನಾನು ಒಂದು ದಿನವೂ ತಪ್ಪಲಿಲ್ಲ. ಗೆದ್ದ ಗೋಲಿಗಳು ಅವನಿಗೆ. ಅಂಗಿಯ ವಾಸನೆ ಹಿಡಿದ ಅಮ್ಮನಿಂದ ಪೆಟ್ಟು ನನಗೆ.

ದ್ರಾಕ್ಷಿಯ ಮಟ್ಟಿಗೆ ನನ್ನ ಅನುಭವ ಇಷ್ಟು ವಿಶಾಲವಾಗಿರಲಿಲ್ಲ. ನಮ್ಮ ಬಾಲ್ಯದಲ್ಲಿ ದ್ರಾಕ್ಷಿ ಹಣ್ಣಲ್ಲ, ರೋಗಲಕ್ಷಣ. ಮೂರು ದಿನ ಜ್ವರ ಬಿಡದಿದ್ದರೆ ಅಪ್ಪ ಪೇಟೆಯಿಂದ ಬ್ರೆಡ್ಡು ತರುತ್ತಿದ್ದರು, ಐದು ದಿನ ದಾಟಿದರೆ ದ್ರಾಕ್ಷಿ. ಹಾಗಾಗಿ ದ್ರಾಕ್ಷಿಯ ಪೊಟ್ಟಣ ಕಂಡ ಕೂಡಲೇ, ನನ್ನ ಸ್ಥಿತಿ ಗಂಭೀರವಾಗಿದೆ ಎಂದು ನಾನು ಅಳುತ್ತಿದ್ದೆ. ಇವತ್ತಿಗೂ ಮದುವೆ ಮನೆಯಲ್ಲಿ ಯಾರಾದರೂ ತಟ್ಟೆಯಲ್ಲಿ ದ್ರಾಕ್ಷಿ ನೀಡಿದರೆ ಕೈ ಮೊದಲು ಹಣೆಗೆ ಹೋಗುತ್ತದೆ.

ಈಗ ಹಮೀದ್. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದು, ‘ಇನ್ನು ಹೋಗುವುದಿಲ್ಲ’ ಎಂದು ಹೆಂಡತಿಗೆ ಮಾತು ಕೊಟ್ಟು ಬಂದವನು ಬಿ.ಸಿ.ರೋಡಿನಲ್ಲಿ ಹಗ್ಗ, ಟಾರ್ಪಾಲು, ಬಲೆಗಳ ಅಂಗಡಿ ಇಟ್ಟ. ಮಂಗಳೂರಿನ ಬಂದರಿನಲ್ಲಿ ದೋಣಿಯವರು ಬಿಟ್ಟ ಹಳೆಯ ನೈಲಾನ್ ಬಲೆಗಳನ್ನು ತಂದು, ನೇತ್ರಾವತಿಯಲ್ಲಿ ತೊಳೆದು, ಒಣಗಿಸಿ, ಬೆಳ್ತಂಗಡಿ ಕಡೆಯ ತರಕಾರಿ ಬೆಳೆಯುವವರಿಗೆ ಮಾರುತ್ತಿದ್ದ. ನವಿಲು ಬಾರದ ಹಾಗೆ ಅಲಸಂಡೆ ಚಪ್ಪರಕ್ಕೆ ಹೊದೆಸಲು ಅದರಷ್ಟು ಗಟ್ಟಿ ವಸ್ತು ಇನ್ನೊಂದಿಲ್ಲ. ಅಂಥ ಒಂದು ಚಪ್ಪರವನ್ನು, ಧರ್ಮಸ್ಥಳಕ್ಕೆ ಬಂದ ನಂದಿಬೆಟ್ಟದ ಕಡೆಯ ಒಬ್ಬರು ಹೆಂಗಸು ಕಾರು ನಿಲ್ಲಿಸಿ ನೋಡಿದರಂತೆ. ‘ನಮ್ಮ ದ್ರಾಕ್ಷಿ ತೋಟಕ್ಕೂ ಇಂಥದ್ದೇ ಬೇಕು’ ಎಂದರಂತೆ. ಹಮೀದ್ ಎರಡು ಲೋಡು ಕಳಿಸಿದ. ಅದು ವೈನರಿ ಎಂದು ಗೊತ್ತಾದದ್ದು ಲಾರಿಯ ಡ್ರೈವರ್ ಬೋರ್ಡಿನ ಫೋಟೋ ಕಳಿಸಿದಾಗ. ‘ಒಣದ್ರಾಕ್ಷಿ ಮಾಡ್ತಾರೆ ಅಂತ ಅಂದುಕೊಂಡಿದ್ದೆ’ ಎಂದು ಅವತ್ತು ನನ್ನ ಆಫೀಸಿನಲ್ಲಿ ತಲೆಗೆ ಕೈಹೊತ್ತು ಕೂತ. ಆಮೇಲೆ ಸ್ವಲ್ಪ ಹೊತ್ತಿಗೆ ತಾನೇ ಸಮಾಧಾನ ಮಾಡಿಕೊಂಡ: ‘ನಾನು ಕೊಟ್ಟದ್ದು ಹಕ್ಕಿಗೆ ಅಡ್ಡ. ಹಕ್ಕಿ ಬಿಟ್ಟ ಮೇಲೆ ದ್ರಾಕ್ಷಿ ಎಲ್ಲಿಗೆ ಹೋಗ್ತದೆ ಅಂತ ನಾನು ಕೇಳುವುದಿಲ್ಲ.’

ಈ ವರ್ಷ ಕೊಯ್ಲಿನ ಹೊತ್ತಿಗೆ ಆ ಮೇಡಮ್ಮಿನ ಫೋನು ಬಂತು. ಹದಿನೈದು ದಿನ ಮೊದಲು ಕೊಯ್ದ ದ್ರಾಕ್ಷಿಯ ರಸ ಟ್ಯಾಂಕಿನಲ್ಲಿ ಹುದುಗುತ್ತಿತ್ತಂತೆ. ಒಬ್ಬ ದೊಡ್ಡ ಗಿರಾಕಿ ಬಂದು, ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಕಣ್ಣು ಮುಚ್ಚಿ, ‘ಇದರಲ್ಲಿ ಸಮುದ್ರ ಇದೆ’ ಎಂದು ಹೇಳಿ ಹೋದನಂತೆ. ಅದು ಹೊಗಳಿಕೆಯೋ ತೆಗಳಿಕೆಯೋ ಅವರಿಗೆ ಗೊತ್ತಾಗಲಿಲ್ಲ. ಆದರೆ ದ್ರಾಕ್ಷಿಯ ತಲೆಯ ಮೇಲೆ ತೂಗುತ್ತಿರುವುದು ಮೀನಿನ ಬಲೆ ಎಂಬುದು ಗೊತ್ತಿತ್ತು. ‘ನೀವೇ ಬಂದು ನೋಡಿ. ಮೀನಿನ ವಾಸನೆ ಇದ್ದರೆ ಅಷ್ಟೂ ಬಲೆ ವಾಪಸು ತಗೊಂಡು ಹೋಗಿ. ಇಲ್ಲದಿದ್ದರೆ ಉಳಿದ ತೋಟಕ್ಕೂ ಕಳಿಸಿ’ ಎಂದರು.

ಹಮೀದ್ ನನ್ನ ಮುಂದೆ ಕೂತು ಒಂದು ಕವರಿನಿಂದ ನಾಲ್ಕು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟ. ‘ಬಲೆ ವಾಪಸು ಬಂದ್ರೆ ಅಂಗಡಿ ಮುಚ್ಚುವುದೇ. ದಮಾಮಿನಲ್ಲಿ ತಮ್ಮನ ಅಂಗಡಿ ಉಂಟು, ಬಾ ಅಂತಿದ್ದಾನೆ. ಐವತ್ತೈದು ವರ್ಷಕ್ಕೆ ಪುನಃ ವಿಮಾನ ಹತ್ತಬೇಕು. ಹೆಂಡತಿಗೆ ಇನ್ನೂ ಹೇಳಲಿಲ್ಲ. ನೋಡು, ಫೋಟೋದಲ್ಲಿ ಮುಖ ಹೇಗಾಗಿದೆ.’

ಮುಖ ನಿಜಕ್ಕೂ ಕೆಟ್ಟದಾಗಿ ಬಂದಿತ್ತು.

‘ಈಗ ನಾನೇನು ಮಾಡ್ಬೇಕು?’ ಎಂದೆ, ಒಳಗೊಳಗೆ ಉತ್ತರ ಗೊತ್ತಿದ್ದೇ.

‘ನೀನು ಬಂದು ಮೂಸಬೇಕು. ನನ್ನ ಮೂಗಿಗೆ ಮೀನಿನ ವಾಸನೆ ಅಂದ್ರೆ ಗಾಳಿ. ಮೇಲಿಂದ ಉಪವಾಸ ಬೇರೆ, ಆ ಲೋಟಕ್ಕೆ ಮುಖ ಕೊಡ್ಲಿಕ್ಕೆ ನನ್ನಿಂದಾಗದು. ಕುಡೀಲಿಕ್ಕಿಲ್ಲ ಮಾರಾಯ, ಮೂಸಿದ್ರೆ ಆಯ್ತು. ಮತ್ತೆ ಒಂದು ಮಾತು. ಇದ್ದರೆ ಉಂಟು ಅಂತಲೇ ಹೇಳು. ನನ್ನ ಮುಖ ನೋಡಿ ಸುಳ್ಳು ಹೇಳಬೇಡ.’

ಆ ರಾತ್ರಿ ಕಾಗದದ ಮೇಲೆ ಇಪ್ಪತ್ತು ಕಲಮು ಬಂದವು. ಇಪ್ಪತ್ತೊಂದನೆಯದು, ‘ವಾಸನೆ ಇದ್ದರೆ?’ ಎಂದಷ್ಟೇ. ಅದರ ಮುಂದೆ ಏನೂ ಬರೆಯಲಾಗಲಿಲ್ಲ.

ಬೆಳಿಗ್ಗೆ ಬಂಟ್ವಾಳದ ಬಸದಿಗೆ ಹೋಗಿ ನಮ್ಮ ಇಂದ್ರರನ್ನು, ಅಂದರೆ ಪೂಜೆಯವರನ್ನು, ಬದಿಗೆ ಕರೆದು ಮೆಲ್ಲಗೆ ಕೇಳಿದೆ: ‘ಮದ್ಯವನ್ನು ಬರೇ ಮೂಸಿದರೆ ದೋಷ ಉಂಟಾ?’

ಅವರು ಗಂಧ ತೇಯುವುದನ್ನು ನಿಲ್ಲಿಸಲಿಲ್ಲ. ‘ನೀವು ದಿನಾ ಬಸ್ಸಿನಲ್ಲಿ ಮೀನು ಮೂಸ್ತೀರಲ್ಲ, ಅದಕ್ಕೆ ಇಷ್ಟು ವರ್ಷ ನನ್ನ ಹತ್ತಿರ ಪ್ರಾಯಶ್ಚಿತ್ತ ಕೇಳಿದ್ದೀರಾ?’

‘ಇಲ್ಲ.’

‘ಮತ್ತೆ ಇದಕ್ಕೇಕೆ ಇಷ್ಟು ಉತ್ಸಾಹ?’

ಹೆಂಡತಿ ಸುಮತಿಗೆ, ದ್ರಾಕ್ಷಿ ತೋಟವೊಂದರ ವಿಮೆಯ ಕೆಲಸ ಎಂದು ಹೇಳಿದೆ. ಅದು ಪೂರ್ತಿ ಸುಳ್ಳಲ್ಲ. ನಾನು ಹೋದಲ್ಲೆಲ್ಲ ವಿಮೆಯ ಕೆಲಸ ಇದ್ದೇ ಇರುತ್ತದೆ.

ಪಿಕಪ್ಪಿನ ಎಡಗಡೆಯ ಸೀಟಿನ ಸ್ಪ್ರಿಂಗು ಮುರಿದಿತ್ತು. ಅದರ ಮೇಲೆ ಹಮೀದ್ ಒಂದು ಬಲೆಯ ಕಟ್ಟು ಮಡಚಿಟ್ಟು, ಮೇಲೊಂದು ಬೈರಾಸು ಟವೆಲು ಹಾಸಿ, ‘ಕೂತ್ಕೊ, ರಾಜನ ಹಾಗೆ’ ಎಂದ. ಶಿರಾಡಿಯ ಪ್ರತಿ ತಿರುವಿನಲ್ಲೂ ರಾಜ ಎರಡೂ ಕೈಗಳಿಂದ ಸಿಂಹಾಸನವನ್ನು ಬಿಗಿಯಾಗಿ ಹಿಡಿದುಕೊಂಡ. ಟಯರು ಒಡೆಯಲಿಲ್ಲ. ಹಮೀದನಿಗೆ ತಲೆಯೂ ಸುತ್ತಲಿಲ್ಲ. ನಡುದಾರಿಯಲ್ಲಿ ನಾನು ಇಡ್ಲಿಯ ಬುತ್ತಿ ಬಿಚ್ಚುವಾಗ ಅವನಿಗೆ ಬೇಸರವಾದೀತೆಂದು ಆಚೆ ತಿರುಗಿ ತಿಂದೆ. ‘ನೀನು ತಿನ್ನುವುದರಿಂದ ನನಗೆ ಹಸಿವಾಗುವುದಿಲ್ಲ, ನೀನು ಕದ್ದು ತಿನ್ನುವುದು ನೋಡಿದ್ರೆ ನಗು ಬಂದು ಬಾಯಾರಿಕೆ ಆಗ್ತದೆ. ಈಚೆ ತಿರುಗು’ ಎಂದ. ಆ ಸಂಜೆ ಒಂದು ಲಾಡ್ಜಿನಲ್ಲಿ ಉಳಿದೆವು.

ದ್ರಾಕ್ಷಿ ಕೊಯ್ಯುವುದು ಬಿಸಿಲೇರುವ ಮೊದಲು. ಕಾಯಿ ಬಿಸಿಯಾದರೆ ಟ್ಯಾಂಕಿಗೆ ಹೋಗುವ ಮೊದಲೇ ಹುಳಿಯತೊಡಗುತ್ತದಂತೆ. ಬೆಳಕು ಹರಿಯುವಾಗ ನಾವು ಕಲ್ಲುದಾರಿಯಲ್ಲಿ ಎಗರುತ್ತಾ ತೋಟ ಸೇರಿದೆವು. ಸಿಂಹಾಸನವನ್ನು ನಾನು ಪುನಃ ಎರಡು ಕೈಯಲ್ಲಿ ಹಿಡಿಯಬೇಕಾಯಿತು. ಇಳಿದು ನೋಡಿದರೆ ಸಾಲು ಸಾಲು ಬಳ್ಳಿ, ಅದರ ಮೇಲೆ ನಮ್ಮ ಬಂದರಿನ ಬಲೆ. ಮಂಗಳೂರಿನ ಸಮುದ್ರದಲ್ಲಿ ಮುಳುಗಿ ಎದ್ದದ್ದು ಇಲ್ಲಿ, ಸಮುದ್ರವನ್ನೇ ನೋಡದ ಮಣ್ಣಿನಲ್ಲಿ, ಪಿಕಳಾರ ಹಕ್ಕಿಗಳಿಗೆ ಅಡ್ಡ ನಿಂತಿತ್ತು. ಎಲೆಗಳ ಮೇಲೆ ತೆಳುನೀಲಿ ಕಲೆ. ಮುಟ್ಟಿ ನೋಡಿದರೆ ನಮ್ಮ ಕಡೆ ಅಡಿಕೆಗೆ ಹೊಡೆಯುವ ಅದೇ ಮೈಲುತುತ್ತು, ಅದೇ ಸುಣ್ಣ. ದೂರದೂರಿನ ಬಸ್‌ಸ್ಟ್ಯಾಂಡಿನಲ್ಲಿ ನೆಂಟರನ್ನು ಕಂಡ ಹಾಗಾಯಿತು.

ಕೊಯ್ಯುವ ಹೆಂಗಸರು ಬಲೆಯನ್ನು ಮೇಲೆತ್ತಿ ಸಿಕ್ಕಿಸಿ, ಕತ್ತರಿಯಿಂದ ಗೊಂಚಲು ಕತ್ತರಿಸಿ ಕ್ರೇಟಿಗೆ ತುಂಬುತ್ತಿದ್ದರು. ಅವರಲ್ಲಿ ಹಿರಿಯಳಾದ ಮುನಿಯಮ್ಮ ನನ್ನ ಕೈಗೆ ಒಂದು ಗೊಂಚಲು ಕೊಟ್ಟಳು. ಕಡಲೆಯಷ್ಟು ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ, ಆದರೆ ಬೆಲ್ಲದಂಥ ಸಿಹಿ. ಅಭ್ಯಾಸಬಲದಿಂದ ಹಣೆ ಮುಟ್ಟಿ ನೋಡಿಕೊಂಡೆ. ಜ್ವರ ಇರಲಿಲ್ಲ.

‘ಇದು ತಿನ್ನಾಕಲ್ಲ ಸೋಮಿ, ಹಿಂಡಾಕೆ’ ಎಂದಳು. ‘ತಿನ್ನೋದಾದ್ರೆ ನಿಮ್ಮಂತೋರ್ಗೆ ಬೀಜ ಉಗಿಯೋದೇ ಕೆಲ್ಸ.’

ಅಷ್ಟರಲ್ಲಿ ಅಕ್ಕಪಕ್ಕದ ರೈತರ ಟ್ರ್ಯಾಕ್ಟರುಗಳು ಬಂದು ಸಾಲು ನಿಂತವು. ಮೇಡಂ ಒಂದೊಂದು ಲೋಡಿನಿಂದ ನಾಲ್ಕು ಕಾಯಿ ಹಿಂಡಿ, ಒಂದು ಸಣ್ಣ ದುರ್ಬೀನಿನಂಥ ಕೊಳವೆಯ ಗಾಜಿಗೆ ಹನಿ ಹಾಕಿ, ಬೆಳಕಿಗೆ ಹಿಡಿದು ಸಿಹಿ ಎಷ್ಟೆಂದು ಓದುತ್ತಿದ್ದರು. ರೈತ ಕೈಕಟ್ಟಿ ನಿಂತು, ದುರ್ಬೀನನ್ನಲ್ಲ, ಮೇಡಮ್ಮಿನ ಹುಬ್ಬನ್ನು ನೋಡುತ್ತಿದ್ದ. ಸಿಹಿ ಸಾಲದಿದ್ದರೆ ಲೋಡು ವಾಪಸು. ಒಂದು ವರ್ಷದ ಗೇಯ್ಮೆ ಒಂದು ಹನಿಯಲ್ಲಿ ತೀರ್ಮಾನವಾಗುವುದನ್ನು ಕಂಡು ನನಗೆ ಬೆವರು ಬಂತು. ವೃತ್ತಿಧರ್ಮಕ್ಕೆ ಅಲ್ಲೇ ಇಬ್ಬರಿಗೆ ವಿಸಿಟಿಂಗ್ ಕಾರ್ಡು ಕೊಟ್ಟೆ.

‘ಇವರೇನಾ ಮೂಗು?’ ಎಂದು ಮೇಡಂ ಹಮೀದನನ್ನು ಕೇಳಿದರು.

‘ಇವನೇ ಮೇಡಂ. ಜೈನರು. ಏಳು ತಲೆಮಾರಿನಿಂದ ಮೀನು ಮುಟ್ಟಿದವರಲ್ಲ. ಮೂರು ಸೀಟು ಆಚೆ ಎಂತ ಮೀನು ಉಂಟು ಅಂತ ಕಣ್ಣುಮುಚ್ಚಿ ಹೇಳ್ತಾನೆ.’

‘ನನ್ನ ಮೂಗಂತೂ ಸತ್ತೋಗಿದೆ’ ಎಂದರು ಅವರು. ‘ಆ ಮನುಷ್ಯ ಸಮುದ್ರ ಅಂದಾಗಿಂದ ಬೆಳಗಿನ ಕಾಫಿಯಲ್ಲೂ ಸಮುದ್ರಾನೇ ಕಾಣ್ತಿದೆ. ಬನ್ನಿ ಸರ್.’

ಚಿಂತೆಯಲ್ಲಿ ನನ್ನ ಸರಿಸಮಾನರೊಬ್ಬರನ್ನು ಕಂಡು ಮನಸ್ಸು ತುಂಬಿ ಬಂತು.

ಒಳಗೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು. ಅಮಲೇರುವ ಆವಿಯನ್ನು ನಿರೀಕ್ಷಿಸಿ ಉಸಿರು ಬಿಗಿಹಿಡಿದು ಹೋದವನಿಗೆ ಸಿಕ್ಕಿದ್ದು ಹುದುಗಿದ ದೋಸೆ ಹಿಟ್ಟಿನ ವಾಸನೆ. ಸುಮತಿ ಮುಚ್ಚಳ ತೆಗೆದ ಹಾಗೆ. ಮೇಡಂ ಟ್ಯಾಂಕಿನ ನಲ್ಲಿಯಿಂದ ಉದ್ದ ಕಾಲಿನ ಗಾಜಿನ ಲೋಟಕ್ಕೆ ಮಸುಕು ಕೆಂಪಿನ ರಸ ಹಿಡಿದು ನನ್ನ ಕೈಗಿತ್ತರು. ಮುನಿಯಮ್ಮ ಮತ್ತು ಇಬ್ಬರು ಹೆಂಗಸರು ಕ್ರೇಟು ಇಳಿಸುವ ನೆಪದಲ್ಲಿ ಬಾಗಿಲಲ್ಲಿ ನಿಂತರು. ಹಮೀದ್ ಗೋಡೆಗೆ ಒರಗಿದ. ಅವನ ಮುಖ ಫೋಟೋದಲ್ಲಿದ್ದ ಹಾಗೆಯೇ ಆಗಿತ್ತು.

ಲೋಟವನ್ನು ಮೂಗಿನ ಹತ್ತಿರ ತಂದೆ.

ಬಂಗುಡೆ.

ಸಂಶಯವೇ ಇಲ್ಲ. ಮೊಳೆಯ ಹಾಗೆ ನೇರ ಹಣೆಗೆ ಹೊಡೆಯಿತು. ಇನ್ನೊಮ್ಮೆ ಮೂಸಿದೆ. ಬಂಗುಡೆಯೇ. ಬಸ್ಸಿನ ಹಿಂದಿನ ಸೀಟು, ಕಣ್ಣಿಗೆ ಕಟ್ಟಿದ ಕರವಸ್ತ್ರ, ಎಲ್ಲ ಬಂತು. ಇಲ್ಲ ಎಂದು ಹೇಳಿದರೆ ಹಮೀದ್ ಉಳಿಯುತ್ತಾನೆ, ಆ ಹೆಂಗಸಿನ ಉಳಿದ ಟ್ಯಾಂಕುಗಳೂ ಹೋಗುತ್ತವೆ. ಉಂಟು ಎಂದರೆ ದಮಾಮ್. ಮೂರನೆಯ ಸಲ ಮೂಸಿದೆ.

‘ಎಂತ?’ ಎಂದ ಹಮೀದ್, ಗೋಡೆಯಿಂದ ಕದಲದೆ. ‘ಹೇಳು ಮಾರಾಯ. ಇದ್ರೆ ಉಂಟು ಅಂತ ಹೇಳು.’

‘ಉಂಟು’ ಎಂದೆ. ‘ಬಂಗುಡೆ.’

ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಹಮೀದ್ ಟೊಪ್ಪಿ ತೆಗೆದು, ತಲೆ ಒರೆಸಿ, ಮತ್ತೆ ಹಾಕಿಕೊಂಡ. ನಾನು, ‘ಸ್ವಲ್ಪ ನೀರು’ ಎಂದೆ. ಮುನಿಯಮ್ಮ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟಳು. ಬಾಯಿಗೆ ಎತ್ತಿದವನು ಹಾಗೇ ನಿಂತೆ.

‘ಈ ನೀರಿನಲ್ಲೂ ಬಂಗುಡೆ ಉಂಟು.’

ಮುನಿಯಮ್ಮ ಸೊಂಟಕ್ಕೆ ಕೈಯಿಟ್ಟು, ‘ಬೋರ್‌ವೆಲ್ ನೀರು ಸೋಮಿ. ಮೀನು ಎಲ್ಲಿಂದ ಬತ್ತದೆ? ಮೊದ್ಲು ನಿಮ್ ಕೈ ಮೂಸ್ಕೊಳಿ’ ಎಂದಳು.

ಮೂಸಿಕೊಂಡೆ. ಬಸ್ಸಿನ ಇಡೀ ಬುಟ್ಟಿ ನನ್ನ ಅಂಗೈಯಲ್ಲಿತ್ತು.

‘ಹಮೀದ್, ಆ ಸೀಟಿನ ಮೇಲೆ ಹಾಕಿದ ಬಲೆ...’

‘ಮೊನ್ನೆ ಬಂದರಿನಿಂದ ಬಂದದ್ದು’ ಎಂದ ಅವನು. ‘ಅದನ್ನು ಇನ್ನೂ ತೊಳೀಲಿಲ್ಲ.’

ಎರಡು ದಿನದಿಂದ ತಿರುವು ತಿರುವಿಗೂ ಜೀವಭಯದಿಂದ ಹಿಡಿದುಕೊಂಡದ್ದು ಅದನ್ನೇ. ಹಮೀದನ ಪಿಕಪ್ಪು ಯಾವತ್ತೂ ಮೀನು ನಾರುವುದೇ ಎಂದು ನನ್ನ ಮೂಗು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸೋಪು ಬಂತು, ನಿಂಬೆಹುಳಿ ಬಂತು, ಟ್ಯಾಂಕು ತಿಕ್ಕುವ ಅದೇನೋ ಪುಡಿಯೂ ಬಂತು. ಮೂರು ಸಲ ಕೈ ತೊಳೆಸಿ, ನಾಲ್ಕನೆಯ ಸಲ ಮುನಿಯಮ್ಮ ತಾನೇ ಮೂಸಿ ನೋಡಿ, ‘ಈಗ ಪಾಸು’ ಎಂದಳು. ಆದರೂ ಲೋಟವನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದಳು. ಮಗುವಿಗೆ ಔಷಧ ಕುಡಿಸುವ ಹಾಗೆ ಅವಳು ಹಿಡಿದ ಲೋಟಕ್ಕೆ ನಾನು ಕೈ ಹಿಂದೆ ಕಟ್ಟಿ ಮೂಗು ಕೊಟ್ಟೆ.

ನೇರಳೆ ಹಣ್ಣು. ಮಳೆಗೆ ನೆನೆದ ಮಣ್ಣು. ಆಮೇಲೆ ಅದೇ ದೋಸೆ ಹಿಟ್ಟು. ಮೀನಿನ ಸುಳಿವೇ ಇಲ್ಲ. ಎರಡನೆಯ ಟ್ಯಾಂಕು, ಮೂರನೆಯ ಟ್ಯಾಂಕು, ಎಲ್ಲೂ ಇಲ್ಲ. ಹಾಗೆಂದು ಹೇಳಿದೆ. ಒಂದು ಪಾಲಿಸಿ ಮಾರುವಾಗಲೂ ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದಿಲ್ಲ.

ಮೇಡಂ ಲೋಟ ತಾವೇ ತೆಗೆದುಕೊಂಡು, ನಿಧಾನವಾಗಿ ಒಂದು ಗುಟುಕು ಕುಡಿದು, ‘ಹಾಗಾದ್ರೆ ಸಮುದ್ರ ಅಂದಿದ್ದು ಹೊಗಳಿಕೇನೇ ಇರ್ಬೇಕು’ ಎಂದರು. ಉಳಿದ ತೋಟಕ್ಕೂ ಬಲೆ ಬೇಕೆಂದರು. ಹೊರಗೆ ಟ್ರ್ಯಾಕ್ಟರಿನ ಸಾಲಿನಲ್ಲಿ ನಿಂತಿದ್ದ ರೈತರೂ ಹಮೀದನ ನಂಬರು ಬರೆದುಕೊಂಡರು.

ವಾಪಸು ಬರುವಾಗ ನಾನು ಎರಡೂ ಕೈಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡು ಕೂತೆ. ಒಮ್ಮೆ ಕಲಿತ ಪಾಠವನ್ನು ಮರೆಯುವವನು ನಾನಲ್ಲ. ಘಾಟಿಯ ಮೇಲ್ತುದಿಗೆ ಬರುವಾಗ ಸೂರ್ಯ ಇಳಿಯುತ್ತಿದ್ದ. ಹಮೀದ್ ಬದಿಗೆ ನಿಲ್ಲಿಸಿದ. ನನ್ನ ಮುಂದೆ ಮೊಸರವಲಕ್ಕಿ, ಅವನ ಮುಂದೆ ಮುಚ್ಚಿದ ಡಬ್ಬಿಯಲ್ಲಿ ಖರ್ಜೂರ. ನಾನು ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು, ಅವನು ಮುಳುಗಿದ ಮೇಲೆ ಶುರು ಮಾಡಬೇಕು. ಇಬ್ಬರೂ ಒಂದೇ ಸೂರ್ಯನನ್ನು ನೋಡುತ್ತಾ ಕೂತೆವು. ನಾನು ಸ್ವಲ್ಪ ನಿಲ್ಲು ಎಂದು, ಅವನು ಬೇಗ ಹೋಗು ಎಂದು.

‘ನಿಧಾನ ತಿನ್ನು, ಇನ್ನೂ ನಾಲ್ಕು ನಿಮಿಷ ಉಂಟು’ ಎಂದ, ಗಡಿಯಾರ ನೋಡಿ. ಕೊನೆಯ ತುತ್ತು ನುಂಗಿ ನಾನು ಡಬ್ಬಿ ಮುಚ್ಚುವುದಕ್ಕೂ ಅವನ ಮೊಬೈಲಿನಲ್ಲಿ ಬಾಂಗ್ ಕೇಳುವುದಕ್ಕೂ ಸರಿಯಾಯಿತು. ಅವನು ಖರ್ಜೂರ ಬಾಯಿಗಿಟ್ಟು, ಹೆಂಡತಿಗೆ ಫೋನು ಮಾಡಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿ ನಕ್ಕ. ಆಮೇಲೆ ಜೇಬಿನಿಂದ ಆ ಫೋಟೋಗಳ ಕವರು ತೆಗೆದು ನನ್ನ ತೊಟ್ಟೆ ಕಟ್ಟಿದ ಕೈಗೆ ಕೊಟ್ಟ.

‘ತಗೊ. ನಿನ್ನ ಫಾರಮ್ಮಿಗೆ ಅಂಟಿಸು. ಇನ್ನು ಇದಕ್ಕೆ ಬೇರೆ ಕೆಲಸ ಇಲ್ಲ.’

ನಲವತ್ತು ವರ್ಷದ ನಂತರ ಅವನ ಮೊದಲ ಪಾಲಿಸಿ.

ಮನೆ ಮುಟ್ಟುವಾಗ ಎಂಟೂವರೆ. ಇಪ್ಪತ್ತು ಕಲಮುಗಳ ಮೇಲೆ ಗೀಟು ಬಿದ್ದಿತ್ತು. ಉಳಿದದ್ದು ಸುಮತಿ. ದ್ರಾಕ್ಷಾರಸದ ವಾಸನೆಯೇನಾದರೂ ಬಂದರೆ ಹೇಳಲು ಘಾಟಿಯುದ್ದಕ್ಕೂ ಆರು ಉತ್ತರ ತಯಾರು ಮಾಡಿಕೊಂಡಿದ್ದೆ. ತೊಟ್ಟೆ ಬಿಚ್ಚಿ, ಕೈ ಮೂಸಿ ನೋಡಿ, ನಿಶ್ಚಿಂತೆಯಿಂದ ಮೆಟ್ಟಿಲು ಹತ್ತಿದೆ. ಕೈಗಳು ಹೂವಿನಂತಿದ್ದವು. ಎರಡು ದಿನ ಆ ಬಲೆಯ ಮೇಲೆ ಕೂತದ್ದು ಕೈಗಳಲ್ಲವೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಸುಮತಿ ಬಾಗಿಲು ತೆರೆದಳು. ಒಂದು ಹೆಜ್ಜೆ ಹಿಂದೆ ಸರಿದಳು. ಮೂಗಿಗೆ ಸೆರಗು ಹಿಡಿದಳು.

‘ದೇವರೇ, ಇದೆಂತ ವಾಸನೆ? ಬೂತಾಯಿಯದ್ದಾ?’

ಆರೂ ಉತ್ತರಗಳು ನಾಲಿಗೆಯ ತುದಿಯಲ್ಲಿದ್ದವು. ಆದರೆ ನಲವತ್ತು ವರ್ಷದಲ್ಲಿ ಒಂದು ದಿನವೂ ತಪ್ಪದ ಮೂಗು ತಪ್ಪು ಮಾಹಿತಿಯನ್ನು ಸಹಿಸಲಿಲ್ಲ.

‘ಬೂತಾಯಿ ಅಲ್ಲ ಮಾರಾಯ್ತಿ’ ಎಂದೆ, ‘ಬಂಗುಡೆ.’